ಹದಿನೇಳನೇ ನಂಬರಿನ ಮನೆ

ಮೂಳೆ ಡಾಕ್ಟರು ನನ್ನ ಸೊಂಟದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆದುಹೋದ ಕೀಲನ್ನು ಪೆನ್ನಿನ ತುದಿಯಿಂದ ತೋರಿಸಿ, ಅದನ್ನು ತೆಗೆದು ಹೊಸದು ಕೂರಿಸಬೇಕು ಎಂದರು. ಅದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಅವರು ಆಮೇಲೆ ಕೇಳಿದ ಪ್ರಶ್ನೆಗೆ.

"ಮನೇಲಿ ಯಾರ್ಯಾರಿದ್ದೀರಿ?"

"ನಾನಿದ್ದೀನಿ."

"ಅದು ಗೊತ್ತಾಯ್ತು. ಮತ್ತೆ?"

ಮತ್ತೆ ಯಾರೂ ಇರಲಿಲ್ಲ. ಗಂಡ ಹೋಗಿ ವರ್ಷಗಳೇ ಆಗಿದ್ದವು. ಮಕ್ಕಳಾಗಲಿಲ್ಲ, ಒಡಹುಟ್ಟಿದವರಿಲ್ಲ. ಅಮ್ಮನ ಕಡೆ ಇದ್ದ ಒಬ್ಬ ಸೋದರಮಾವ ಮದುವೆಯನ್ನೇ ಆಗದೆ ಕಣ್ಣು ಮುಚ್ಚಿದ. ಆದರೆ ಇದನ್ನೆಲ್ಲ ಮಗನ ವಯಸ್ಸಿನ ಡಾಕ್ಟರ ಎದುರು ಬಿಚ್ಚಿಡುವಷ್ಟು ನಾನಿನ್ನೂ ಸವೆದಿರಲಿಲ್ಲ. "ನಮ್ಮೋರಿದ್ದಾರೆ, ಬರ್ತಾರೆ," ಅಂದುಬಿಟ್ಟೆ.

"ಹಾಗಾದ್ರೆ ಅವರನ್ನ ಕರ್ಕೊಂಡ್ ಬನ್ನಿ. ಆಪರೇಷನ್ ಆದ್ಮೇಲೆ ಒಂದೆರಡು ತಿಂಗಳು ಜೊತೆಗೆ ಯಾರಾದ್ರೂ ಇರ್ಲೇಬೇಕು. ಒಬ್ರೇ ಇರೋರಿಗೆ ನಾನು ಈ ಆಪರೇಷನ್ ಮಾಡಲ್ಲ. ಹೀಗೇ ಬಿಟ್ರೆ ಇನ್ನೊಂದು ವರ್ಷಕ್ಕೆ ನೀವು ಹಾಸಿಗೆ ಹಿಡೀತೀರಿ," ಎಂದರು ಡಾಕ್ಟರು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಇಲ್ಲದ ನೆಂಟರನ್ನು ಆಸ್ಪತ್ರೆಗೆ ಕರೆತರುತ್ತೇನೆಂದು ಮಾತು ಕೊಟ್ಟು ಹೊರಗೆ ಬಂದೆ. ಇನ್ನು ಕೂಸನ್ನು ಹುಡುಕುವುದು ಬಾಕಿ ಇತ್ತು.

ಪಕ್ಕದ ಮನೆಯವರನ್ನು ಕೇಳಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳಬಹುದು. ಕೇಳಬಹುದಿತ್ತು. ಆದರೆ ನಮ್ಮ ಕಟ್ಟಡದಲ್ಲಿ ನಾನು ಎಂಥವಳು ಎಂದರೆ, ಮೆಟ್ಟಿಲ ಬಳಿ ಸೈಕಲ್ ನಿಲ್ಲಿಸಿದವರನ್ನು ಬೈಯುವವಳು, ನೀರಿನ ಮೋಟರು ಆರಿಸಲು ಮರೆತವರ ಬಾಗಿಲು ಬಡಿಯುವವಳು. ಇಷ್ಟು ಕಾಲ ಬಾಯಿ ಮಾಡಿಕೊಂಡು ಬಂದು, ಈಗ ಅದೇ ಬಾಗಿಲು ತಟ್ಟಿ, ನನಗೆ ಸ್ವಲ್ಪ ಸ್ನಾನ ಮಾಡಿಸುತ್ತೀರಾ ಎಂದು ಕೇಳಲು ನಾಲಿಗೆ ಹೊರಳಲಿಲ್ಲ. ನೆಂಟರಾದರೆ ಬೇರೆ. ನೆಂಟರನ್ನು ಎಷ್ಟು ಬೈದಿದ್ದರೂ ಕಷ್ಟಕ್ಕೆ ಬರಲೇಬೇಕು. ಬರದಿದ್ದರೆ ಅದಕ್ಕೂ ಸೇರಿಸಿ ಬೈಯಬಹುದು.

ಹಾಗೆ ನಾನು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗತೊಡಗಿದೆ. ಸ್ಥಳೀಯ ಇತಿಹಾಸದ ಕೋಣೆ ಎರಡನೇ ಮಹಡಿಯಲ್ಲಿತ್ತು. ಕಾದಂಬರಿ ಓದುವ ಗಟ್ಟಿಮುಟ್ಟಾದವರಿಗೆ ನೆಲಮಹಡಿ ಕೊಟ್ಟು, ಅಜ್ಜ ಮುತ್ತಜ್ಜರನ್ನು ಹುಡುಕುವ ಮುದುಕರನ್ನು ಮೇಲಕ್ಕೆ ಹತ್ತಿಸಿದ ಪುಣ್ಯಾತ್ಮ ಯಾರೋ ತಿಳಿಯದು. ಲಿಫ್ಟೇನೋ ಇತ್ತು, ಅದರ ತುಂಬ ಮುರಿದ ಕುರ್ಚಿಗಳನ್ನು ಒಟ್ಟಿದ್ದರು. ನಾನು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬರನ್ನು ಶಪಿಸುತ್ತಾ ಹತ್ತುತ್ತಿದ್ದೆ.

ಆ ಕೋಣೆಯನ್ನು ನೋಡಿಕೊಳ್ಳುವಾಕೆಗೆ ಮನಸ್ಸಿನಲ್ಲೇ ಬೆರಳು ಮೇಡಂ ಎಂದು ಹೆಸರಿಟ್ಟೆ. ಯಾರಾದರೂ ಜೋರಾಗಿ ಕೆಮ್ಮಿದರೆ ಅವರ ಬೆರಳು ತುಟಿಯ ಮೇಲೆ ಹೋಗುತ್ತಿತ್ತು. ಪೆನ್ನು ತೆಗೆದರೆ ಅದೇ ಬೆರಳು ಅಡ್ಡಡ್ಡ ಆಡಿ, ಮೇಜಿನ ಮೇಲಿನ ಪೆನ್ಸಿಲ್ ಡಬ್ಬಿಯ ಕಡೆಗೆ ತಿರುಗುತ್ತಿತ್ತು. ಪುಟ ತಿರುವಲು ನಾನು ನಾಲಿಗೆಗೆ ಬೆರಳು ತಾಗಿಸಿದ ದಿನ ಮಾತ್ರ ಅವರು ಬಾಯಿ ಬಿಟ್ಟರು.

"ಇವರೆಲ್ಲ ಸತ್ತೋರು ಮೇಡಂ. ಅವರ ಮೇಲೆ ಎಂಜಲು ಹಚ್ಚಬೇಡಿ."

ಆಮೇಲೆ, ಬಾಯಿ ಬಿಟ್ಟದ್ದಾಯಿತಲ್ಲ ಎಂಬಂತೆ ಕೇಳಿದರು: "ಯಾರನ್ನ ಹುಡುಕ್ತಿದ್ದೀರಿ?"

"ನಮ್ಮೋರನ್ನ."

"ಸತ್ತೋರನ್ನೋ, ಬದುಕಿರೋರನ್ನೋ?"

"ಸತ್ತೋರನ್ನ ಹಿಡ್ಕೊಂಡು ಬದುಕಿರೋರನ್ನ."

"ಅದು ನಿಧಾನ ಆಗುತ್ತೆ," ಎಂದು ಹೇಳಿ ಹೋದರು. ಆ ಕೋಣೆಗೆ ಬರುವವರೆಲ್ಲ ಹೆಚ್ಚುಕಡಿಮೆ ಒಂಟಿಗಳೇ. ಕಿಟಕಿಯ ಪಕ್ಕ ಒಬ್ಬ ಮುದುಕ ಹಳೆಯ ಪತ್ರಿಕೆಗಳ ಸಾವಿನ ಸುದ್ದಿ ಓದುತ್ತಾ ನಿದ್ದೆ ಹೋಗುತ್ತಿದ್ದ. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಮನೆ ತುಂಬ ಜನ ಇರುವವರಿಗೆ ಮುತ್ತಜ್ಜನ ಗೊಡವೆ ಯಾಕೆ?

ಅಪ್ಪ ತನ್ನ ಮನೆಯ ವಿಷಯ ಎತ್ತಿದರೆ, ನದೀಮೂಲ ಋಷಿಮೂಲ ಕೆದಕಬಾರದು ಮಗಳೇ ಎಂದು ನಗಿಸಿ ಬಾಯಿ ಮುಚ್ಚಿಸುತ್ತಿದ್ದ. ನಾವು ನದಿಯೂ ಅಲ್ಲ, ನಮ್ಮಪ್ಪ ಋಷಿಯಂತೂ ಮೊದಲೇ ಅಲ್ಲ. ನನಗೆ ಗೊತ್ತಿದ್ದುದು ಇಷ್ಟೇ: ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದ, ಅಪ್ಪನಿಗೆ ಒಬ್ಬ ಅಣ್ಣನಿದ್ದ, ಅವರಿಬ್ಬರಿಗೂ ಯಾವುದಕ್ಕೋ ಜಗಳವಾಗಿ ಅಪ್ಪ ಮನೆ ಬಿಟ್ಟ. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ಗಡಿಯಾರದವರ ಬೀದಿ, ಮನೆ ನಂಬರ್ ಹದಿನೇಳು ಎಂದು ಬರೆದಿತ್ತು. ಆ ದೊಡ್ಡಪ್ಪನಿಗೆ ಮಕ್ಕಳಿದ್ದರೆ ಅವರು ನನಗೆ ಅಣ್ಣ ಅಕ್ಕ ಆಗಬೇಕು. ಅಂಥ ಒಬ್ಬರು ಸಿಕ್ಕರೆ ಸಾಕು ಎಂಬುದು ನನ್ನ ಲೆಕ್ಕ.

ಹೆಸರು ಹಿಡಿದು ಹುಡುಕುವಂತಿರಲಿಲ್ಲ. ಆ ಬೀದಿಯಲ್ಲಿ ಅರ್ಧಕ್ಕರ್ಧ ಜನರ ಕಸುಬು ಒಂದೇ, ಕಸುಬಿನಿಂದ ಬಂದ ಮನೆತನದ ಹೆಸರೂ ಒಂದೇ. ನನ್ನ ದೊಡ್ಡಪ್ಪನ ಹೆಸರನ್ನು ಬೀದಿಯ ತುದಿಯಲ್ಲಿ ನಿಂತು ಕೂಗಿದ್ದರೆ ಮನೆಗೊಬ್ಬ ಹೊರಗೆ ಬರುತ್ತಿದ್ದ. ಹಾಗಾಗಿ ಹೆಸರನ್ನು ಬಿಟ್ಟು ಮನೆಯ ನಂಬರನ್ನು ಹಿಡಿದೆ. ನಾನು ನಂಬರನ್ನು ನಂಬಿ ಬದುಕಿದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತಂತಿಗಳನ್ನು ತೂತಿನಿಂದ ತೂತಿಗೆ ಚುಚ್ಚುತ್ತಾ ಊರವರನ್ನೆಲ್ಲ ಮಾತಾಡಿಸಿದವಳು. ಹೆಸರು ಹೇಳುವವರು ತಡವರಿಸುತ್ತಿದ್ದರು, ಸುಳ್ಳು ಹೇಳುತ್ತಿದ್ದರು. ನಂಬರು ಹಾಗಲ್ಲ. ಕೊಟ್ಟ ನಂಬರಿಗೆ ತಂತಿ ಚುಚ್ಚಿದರೆ ಆ ಮನೆಯಲ್ಲೇ ಗಂಟೆ ಬಾರಿಸುತ್ತದೆ.

ಬೆರಳು ಮೇಡಂ ಒಂದೊಂದಾಗಿ ಹಳೆಯ ಮತದಾರರ ಪಟ್ಟಿಗಳನ್ನು ತಂದಿಟ್ಟರು. ಪ್ರತಿಯೊಂದರ ಆರಂಭದಲ್ಲೂ ಯಾರೋ ಅಧಿಕಾರಿಯ ಉದ್ದುದ್ದ ಸೂಚನೆಗಳು. ಅವುಗಳನ್ನು ಮಗುಚಿ ಹಾಕಿ ನಾನು ನೇರವಾಗಿ ಬೀದಿಗೆ ಇಳಿಯುತ್ತಿದ್ದೆ. ತೀರ ಹಳೆಯ ಪುಸ್ತಕದಲ್ಲಿ, ಹದಿನೇಳನೇ ನಂಬರಿನಲ್ಲಿ ಅಜ್ಜ ಇದ್ದ, ಅಜ್ಜಿ ಇದ್ದಳು, ದೊಡ್ಡಪ್ಪ ಇದ್ದ. ಅಚ್ಚಿನಲ್ಲಿ ಅವರ ಹೆಸರು ಕಂಡು ನನಗೆ ಕಣ್ಣೀರೇ ಬಂತು. ಆಮೇಲೆ ಕೆಲವು ವರ್ಷಗಳ ಪುಸ್ತಕಗಳಿರಲಿಲ್ಲ. ತಾರಸಿ ಸೋರಿ ನೆನೆದು ಹಾಳಾದವಂತೆ. ಮುಂದಿನ ಪುಸ್ತಕ ತೆರೆದರೆ ಹದಿನೇಳರಲ್ಲಿ ದೊಡ್ಡಪ್ಪನ ಹೆಸರೇ, ಅದರ ಕೆಳಗೆ ಒಬ್ಬ ಹೆಂಡತಿ. ಇನ್ನೂ ಮುಂದಕ್ಕೆ ಹೋದರೆ ಒಬ್ಬ ಮಗ. ಕಟ್ಟಕಡೆಯ ಪುಸ್ತಕದಲ್ಲೂ ಆ ಮಗ ಅಲ್ಲೇ ಇದ್ದ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನು. ಬದುಕಿದ್ದ. ನಾನು ಕೂತಲ್ಲೇ "ಅಯ್ಯೋ ನನ್ನಪ್ಪ!" ಎಂದುಬಿಟ್ಟೆ. ಕಿಟಕಿಯ ಮುದುಕನಿಗೆ ಎಚ್ಚರವಾಯಿತು. ಬೆರಳು ಮೇಡಂ ತುಟಿಗೆ ಬೆರಳಿಡಲಿಲ್ಲ.

ಮಾರನೇ ದಿನ ನಿಂತುಹೋದ ಕೈಗಡಿಯಾರವೊಂದನ್ನು ಹುಡುಕಿ ತೆಗೆದು, ಗಡಿಯಾರದವರ ಬೀದಿಗೆ ಹೋದೆ. ಹದಿನೇಳನೇ ನಂಬರಿನ ಮನೆಯ ಮುಂಭಾಗವೇ ಅಂಗಡಿ. ಒಳಗೆ ಗೋಡೆ ತುಂಬ ಗಡಿಯಾರ, ಒಂದೊಂದರದೂ ಒಂದೊಂದು ಸಮಯ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ ಅಂಗಡಿಯವರು ನನ್ನ ಗಡಿಯಾರ ಬಿಚ್ಚಿ, "ಬ್ಯಾಟರಿ ಹೋಗಿದೆ ಅಷ್ಟೇ, ಕೂತ್ಕೊಳ್ಳಿ," ಎಂದರು. ಕೂತೆ. ಬ್ಯಾಟರಿ ಹಾಕಿ ಮುಗಿಯುವಷ್ಟರಲ್ಲಿ ಹೇಳದಿದ್ದರೆ ಎದ್ದು ಹೋಗಬೇಕಾಗುತ್ತದೆ ಎಂದು, ಮೂಗು ಹಿಡಿದು ನೀರಿಗೆ ಹಾರಿದ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜನ ಹೆಸರು, ದೊಡ್ಡಪ್ಪನ ಹೆಸರು, ಜಗಳ, ಮನೆ ನಂಬರು.

ಅವರು ಮಸೂರ ತೆಗೆದು ನನ್ನನ್ನೇ ನೋಡಿದರು. "ನಮ್ಮಪ್ಪನ ಹೆಸರು ಅದೇ. ತಾತನ ಹೆಸರು ಅವರು ಯಾವತ್ತೂ ಹೇಳ್ಲಿಲ್ಲ. ಹಾಗಾದ್ರೆ ನೀವು ನನ್ನ ಚಿಕ್ಕಪ್ಪನ ಮಗಳಾ?"

"ಹೌದು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ಮಗಳೋ ಅಲ್ವೋ?"

"ಮಗಳೇ."

"ಮತ್ತೆ ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ? ಇದೇ ಊರಲ್ಲಿ ಇದ್ಕೊಂಡು!" ಎಂದು ಗದರಿ, ಒಳಗೆ ತಿರುಗಿ ಕೂಗಿದ: "ಏ ಇವಳೇ, ಬಾ ಇಲ್ಲಿ! ನನಗೊಬ್ಬಳು ತಂಗಿ ಸಿಕ್ಕಿದ್ದಾಳೆ!"

ಹೀಗೆ, ಗಡಿಯಾರದಂಗಡಿಯವರು ಹೋಗಿ, ಆ ಗಳಿಗೆಯಿಂದ ಅವನು ನನಗೆ ಅಣ್ಣನಾದ. ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಾಕೆ ಅತ್ತಿಗೆಯಾದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಈಯಿತು ಎಂದೆ, ಅವನು ಕಟ್ಟಿದ. ಚಹಾ ಕುಡಿಯುವಾಗ ಮಾತ್ರ ಅವನ ಮುಖದಲ್ಲಿ ಒಂದು ಗೆರೆ ಮೂಡಿತು.

"ಆದ್ರೆ ನಮ್ಮಪ್ಪ ಬೇರೆ ಥರ ಹೇಳ್ತಿದ್ರಲ್ಲ. ತಾತ ಸ್ಟೇಷನ್ನಲ್ಲಿ ಮೂಟೆ ಹೊರ್ತಿದ್ರು, ಈ ಬೀದಿಗೆ ಬಂದು ಗಡಿಯಾರದ ಕೆಲಸ ಕಲಿತೋನು ನಾನೇ ಮೊದಲು, ಒಡಹುಟ್ಟಿದೋರು ಯಾರೂ ಇಲ್ಲ ಅಂತ."

"ಜಗಳ ಆಗಿತ್ತಲ್ಲಣ್ಣ. ಸಿಟ್ಟಿಗೆ ತಮ್ಮನೇ ಇಲ್ಲ ಅಂದಿರ್ತಾರೆ," ಎಂದೆ.

"ಮಾವನೋರು ಸುಳ್ಳು ಹೇಳೋರಲ್ಲ," ಎಂದಳು ಅತ್ತಿಗೆ.

"ಪುಸ್ತಕದಲ್ಲಿ ಅಚ್ಚಾಗಿದೆ ಅಂತಿದ್ದಾಳಲ್ಲ. ನೀನು ಸುಮ್ನಿರು," ಎಂದ ಅಣ್ಣ. ನಾನೂ ಸುಮ್ಮನಿದ್ದೆ. ಆ ಹೊತ್ತಿನಲ್ಲಿ ಅವನ ತಾತ ಮೂಟೆ ಹೊತ್ತರೂ ಸರಿ, ರಾಜ್ಯ ಆಳಿದರೂ ಸರಿ, ನನಗೆ ಅಣ್ಣನೊಬ್ಬ ಬೇಕಿತ್ತು.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಗಂಡ ಹೋದ ಮೇಲೆ ನನ್ನನ್ನು ಬೈಯುವವರೇ ಇರಲಿಲ್ಲ. ಬೈಯುವುದೆಲ್ಲ ನನ್ನ ಪಾಲಿಗೆ ಬಂದಿತ್ತು. ಅಣ್ಣ ಹಾಗಲ್ಲ, ನನಗಿಂತ ಒಂದು ಕೈ ಮೇಲು. "ಈ ಸೊಂಟ ಇಟ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಬಂದ್ಯಾ? ತಲೆ ನೆಟ್ಟಗಿದ್ಯಾ ನಿಂಗೆ?" ಎನ್ನುತ್ತಿದ್ದ. ನನ್ನ ಮನೆಗೆ ಬಂದು, ಬಚ್ಚಲಿನ ಬಲ್ಬು ಸುಟ್ಟು ಎಷ್ಟು ಕಾಲವಾಯಿತೆಂದು ಕೇಳಿ, ಉತ್ತರಕ್ಕೆ ಕಾಯದೆ ಬೈಯುತ್ತಾ ಹೊಸದು ಹಾಕಿದ. ನಾನು ಹಿಂದೆ ನಿಂತು ಸ್ಟೂಲು ಹಿಡಿದುಕೊಂಡು, ಬಾಯಿಗೆ ಬಾಯಿ ಕೊಡದೆ ಕೇಳಿಸಿಕೊಂಡೆ. ಬೈಸಿಕೊಳ್ಳುವುದರಲ್ಲಿ ಎಷ್ಟು ಸುಖವಿದೆ ಎಂದು ನಾನು ಮರೆತೇಬಿಟ್ಟಿದ್ದೆ. ಬೈಯಬೇಕಾದರೆ ಒಬ್ಬರು ನಮ್ಮನ್ನು ಗಮನಿಸಿರಬೇಕಲ್ಲ.

ಡಾಕ್ಟರ ಬಳಿಗೂ ಅವನೇ ಕರೆದುಕೊಂಡು ಹೋದ. "ಇವಳು ನನ್ನ ತಂಗಿ. ಹೇಳಿದ ಮಾತು ಕೇಳಲ್ಲ, ನೀವೇ ಸ್ವಲ್ಪ ಗದರಿಸಿ ಡಾಕ್ಟ್ರೇ," ಎಂದ. ಡಾಕ್ಟರು ನಕ್ಕು ದಿನ ಗೊತ್ತು ಮಾಡಿದರು. ಆಪರೇಷನ್ ಆದ ಮೇಲೆ ನಾನು ಹದಿನೇಳರಲ್ಲೇ ಇರುವುದೆಂದು ತೀರ್ಮಾನವಾಯಿತು. ಅಂಗಡಿಯ ಹಿಂದಿನ ಕೋಣೆಯಿಂದ ಕೆಟ್ಟ ಗಡಿಯಾರಗಳ ಪೆಟ್ಟಿಗೆಗಳನ್ನು ಅತ್ತಿಗೆ ಅಟ್ಟಕ್ಕೆ ಏರಿಸಿದಳು, ಕಿಟಕಿಗೆ ಪರದೆ ಹೊಲಿದಳು. ಪರದೆಗೆ ಹೂವಿನ ಬಟ್ಟೆ ಬೇಕೋ ಗೆರೆಯದೋ ಎಂದು ನನ್ನನ್ನೇ ಕೇಳಿದಳು. ಯಾವುದಾದರೂ ಆಗುತ್ತದೆ ಎಂದೆ. ಮನೆಗೆ ಬಂದು, ಹೂವಿನದು ಅನ್ನಬೇಕಿತ್ತು ಎಂದು ಬಹಳ ಹೊತ್ತು ಅಂದುಕೊಂಡೆ. ಮುಂದಿನ ಸಲ ಹೋದಾಗ ಅವಳು ಹೂವಿನದನ್ನೇ ಹೊಲಿದಿದ್ದಳು.

ಅಣ್ಣನಿಗೆ ಒಂದೇ ಹಟ. "ಆ ಪುಸ್ತಕ ನಾನೂ ನೋಡ್ಬೇಕು. ನಮ್ಮ ತಾತನ ಹೆಸರು ಅಚ್ಚಲ್ಲಿ ಹೇಗಿದೆ ನೋಡ್ಬೇಕು." ಆಪರೇಷನ್ನಿಗೆ ಮುಂಚಿನ ವಾರ, ಒಂದು ಬೆಳಿಗ್ಗೆ, ಅಂಗಡಿಗೆ ಬೀಗ ಹಾಕಿ ಬರುತ್ತೇನೆಂದ. ನಾನು ಮೊದಲೇ ಹೋಗಿ ಎಲ್ಲ ತೆಗೆಸಿಡೋಣ ಎಂದು ಗ್ರಂಥಾಲಯ ತೆರೆಯುವ ಹೊತ್ತಿಗೇ ಮೆಟ್ಟಿಲು ಹತ್ತಿದೆ. ಆವತ್ತು ಯಾರನ್ನೂ ಶಪಿಸಲಿಲ್ಲ.

ಬೆರಳು ಮೇಡಂ ಪುಸ್ತಕಗಳ ಜೊತೆಗೆ ಒಂದು ಉದ್ದನೆಯ ಸುರುಳಿಯನ್ನೂ ತಂದಿದ್ದರು. "ಆ ಬೀದಿಗೆ ನೀರಿನ ಪೈಪ್ ಹಾಕುವಾಗ ಮಾಡಿದ ನಕ್ಷೆ. ಮನೆಮನೆಯೂ ಇದೆ. ನಿಮ್ಮಣ್ಣ ನೋಡ್ಲಿ ಅಂತ," ಎಂದರು. ಅವರಿಗೆ ನನ್ನ ಮೇಲೆ ಅಷ್ಟು ಅಕ್ಕರೆ ಇದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಸುರುಳಿ ಬಿಚ್ಚಿ ನಾಲ್ಕು ಮೂಲೆಗೂ ಪುಸ್ತಕ ಹೇರಿದೆವು.

ಪ್ರತಿ ಮನೆಯ ಮೇಲೂ ಎರಡೆರಡು ನಂಬರು ಬರೆದಿತ್ತು, ಒಂದು ಕಪ್ಪು ಶಾಯಿಯಲ್ಲಿ, ಒಂದು ಕೆಂಪಿನಲ್ಲಿ. ಕಪ್ಪು ನಂಬರು ಬೀದಿಯ ಒಂದು ಬದಿಯಲ್ಲಿ ಒಂದು, ಎರಡು, ಮೂರು ಎಂದು ಸಾಲಾಗಿ ಹೋಗಿ, ತುದಿಯಲ್ಲಿ ತಿರುಗಿ, ಇನ್ನೊಂದು ಬದಿಯಲ್ಲಿ ವಾಪಸು ಬರುತ್ತಿತ್ತು. ಕೆಂಪಿನಲ್ಲಿ ಒಂದು ಬದಿಗೆ ಬೆಸ, ಇನ್ನೊಂದು ಬದಿಗೆ ಸಮ. ಅಣ್ಣನ ಮನೆ ಕೆಂಪಿನಲ್ಲಿ ಹದಿನೇಳು. ಕಪ್ಪಿನಲ್ಲಿ ಅದು ಒಂಬತ್ತು. ಕಪ್ಪು ಹದಿನೇಳನ್ನು ಹುಡುಕಿಕೊಂಡು ನನ್ನ ಬೆರಳು ಬೀದಿಯ ಕೆಳಗೆ ಇಳಿಯಿತು. ಅದರ ಪಕ್ಕ ಕೆಂಪಿನಲ್ಲಿ ಮೂವತ್ತಮೂರು ಎಂದಿತ್ತು.

"ಇದೇನಿದು?" ಎಂದೆ. ಗೊತ್ತಾಗಿತ್ತು. ಆದರೂ ಕೇಳಿದೆ.

ಬೆರಳು ಮೇಡಂ ಹಾಳಾದ ವರ್ಷಗಳ ನಂತರದ ಪುಸ್ತಕವನ್ನು ತೆಗೆದು, ನಾನು ಯಾವತ್ತೂ ಓದದ ಮೊದಲ ಪುಟವನ್ನು ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಊರಿನ ಎಲ್ಲ ಬೀದಿಗಳ ಮನೆಗಳಿಗೂ ಹೊಸ ನಂಬರು ಕೊಡಲಾಗಿದೆ, ಹಳೆಯದು ರದ್ದಾಗಿದೆ ಎಂದು ಆ ಅಧಿಕಾರಿ ಬರೆದಿದ್ದ.

"ಮೊದಲ ಪುಟ ಯಾರೂ ಓದಲ್ಲ ಮೇಡಂ. ತುಂಬಾ ಜನಕ್ಕೆ ಹೀಗಾಗುತ್ತೆ. ನಾನಾದ್ರೂ ಹೇಳ್ಬೇಕಿತ್ತು," ಎಂದರು ಮೆಲ್ಲಗೆ.

ಅದೇ ಪುಸ್ತಕದಲ್ಲಿ ನಾನು ಮೂವತ್ತಮೂರನ್ನು ನೋಡಿದೆ. ಅಲ್ಲಿ ನನ್ನ ದೊಡ್ಡಪ್ಪನ ಹೆಸರಿತ್ತು. ಒಂದೇ ಹೆಸರು, ಕೆಳಗೆ ಯಾರೂ ಇಲ್ಲ. ಮುಂದಿನ ಪುಸ್ತಕದಲ್ಲೂ ಅವನೊಬ್ಬನೇ. ಅದರ ಮುಂದಿನದರಲ್ಲೂ ಅವನೊಬ್ಬನೇ, ವಯಸ್ಸು ಮಾತ್ರ ಏರಿತ್ತು. ಆಮೇಲೆ ಆ ಮನೆಯೇ ಪಟ್ಟಿಯಲ್ಲಿಲ್ಲ. ಈಗ ಅಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇದೆ. ಬಸ್ಸಿಳಿದು ಅಣ್ಣನ ಮನೆಗೆ ಹೋಗುವಾಗ ಸೊಂಟ ಹಿಡಿದುಕೊಂಡರೆ ನಾನು ಅದರ ಬೇಲಿ ಹಿಡಿದು ನಿಲ್ಲುತ್ತಿದ್ದೆ. ಒಂದು ತಲೆಬುರುಡೆ, ಎರಡು ಮೂಳೆ, ಅಪಾಯ ಎಂಬ ಬರಹ. ಅದೇ ನನ್ನ ಅಜ್ಜನ ಮನೆ. ದೊಡ್ಡಪ್ಪ ಅಲ್ಲಿ ಒಂಟಿಯಾಗಿ ಮುದುಕನಾಗುತ್ತಿದ್ದ ವರ್ಷಗಳಲ್ಲಿ ನಾನು ಇದೇ ಊರಿನ ಎಕ್ಸ್‌ಚೇಂಜಿನಲ್ಲಿ ಕೂತಿದ್ದೆ. ಅವನಿಗೆ ಫೋನ್ ಇದ್ದಿದ್ದರೆ ನಾನೇ ತಂತಿ ಚುಚ್ಚುತ್ತಿದ್ದೆನೋ ಏನೋ. ಅವನು ಯಾರಿಗೆ ಫೋನ್ ಮಾಡುತ್ತಿದ್ದ ಎಂಬುದು ಬೇರೆ ಮಾತು.

ಕೆಳಗಿನ ಮಹಡಿಯಿಂದ ಅಣ್ಣನ ದನಿ ಕೇಳಿಸಿತು. ಲಿಫ್ಟಿನೊಳಗೆ ಕುರ್ಚಿ ತುಂಬಿದವರು ಯಾರು ಎಂದು ಯಾರನ್ನೋ ವಿಚಾರಿಸಿಕೊಳ್ಳುತ್ತಿದ್ದ. ನಾನು ಪುಸ್ತಕಗಳನ್ನು ಸರಿಸಿ ನಕ್ಷೆಯನ್ನು ಸುತ್ತತೊಡಗಿದೆ. ಸುತ್ತಿಟ್ಟರೆ ಮುಗಿಯಿತು. ಹಳೆಯ ಪುಸ್ತಕದಲ್ಲಿ ಅಜ್ಜನ ಹೆಸರು ತೋರಿಸಿದರೆ ಅವನು ಕಣ್ಣಿಗೊತ್ತಿಕೊಂಡು ಹೋಗುತ್ತಾನೆ. ಆಪರೇಷನ್ ಮುಂದಿನ ವಾರ. ಪರದೆ ಹೊಲಿದಾಗಿದೆ. ಬೆರಳು ಮೇಡಂ ಬಾಯಿ ಬಿಡುವ ಪೈಕಿಯಲ್ಲ. ಅವರು ನನ್ನ ಕೈಯನ್ನು ನೋಡಿ, ಆಮೇಲೆ ಕಿಟಕಿಯ ಹೊರಗೆ ನೋಡಿದರು. ಸುಳ್ಳು ಹೇಳಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿರೋಣ ಎಂದು ನಾನು ನಿಜವಾಗಿಯೂ ನಿರ್ಧರಿಸಿದ್ದೆ.

ಅಣ್ಣ ಏದುಸಿರು ಬಿಡುತ್ತಾ ಬಂದು ಎದುರಿಗೆ ಕೂತ. ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದಿದ್ದ.

"ಎಲ್ಲಿ, ತೋರ್ಸು. ನಿಂಗೊಂದು ವಿಷ್ಯ ಗೊತ್ತಾ? ನಿನ್ನೆ ನಮ್ಮಪ್ಪನ ಫೋಟೋ ಮುಂದೆ ನಿಂತ್ಕೊಂಡು ಚೆನ್ನಾಗಿ ಬೈದ್ಬಿಟ್ಟೆ. ಒಡಹುಟ್ಟಿದ ತಮ್ಮನ್ನ ಇಲ್ಲ ಅಂದ್ಯಲ್ಲ, ಹೆತ್ತಪ್ಪನ್ನ ಮೂಟೆ ಹೊರೋನು ಮಾಡಿದ್ಯಲ್ಲ, ನೀನೆಂಥ ಮನುಷ್ಯ ಅಂತ. ಫೋಟೋ ತೆಗೆದು ಒಳಗಿಟ್ಬಿಟ್ಟೆ. ಇವಳು ಅತ್ಲು. ಅಳ್ಲಿ ಬಿಡು. ಜೀವನ ಪೂರ್ತಿ ಸುಳ್ಳು ಹೇಳಿದೋನ ಮುಖ ಬೆಳಿಗ್ಗೆ ಎದ್ದು ಯಾಕೆ ನೋಡ್ಲಿ?"

ಎಕ್ಸ್‌ಚೇಂಜಿನಲ್ಲಿ ನಮಗೊಂದು ನಿಯಮವಿತ್ತು. ತಪ್ಪು ಮನೆಗೆ ತಂತಿ ಜೋಡಿಸಿದ್ದು ಗೊತ್ತಾದರೆ ಆ ಕ್ಷಣವೇ ಎಳೆದುಬಿಡಬೇಕು. ಅವರು ನಗುನಗುತ್ತಾ ಮಾತಾಡುತ್ತಿದ್ದರೂ ಸರಿ. ಅರ್ಧ ಸುತ್ತಿದ್ದ ನಕ್ಷೆಯನ್ನು ನಾನು ಮತ್ತೆ ಬಿಚ್ಚಿದೆ.

"ಅಣ್ಣ, ನಿಮ್ಮಪ್ಪ ಸುಳ್ಳು ಹೇಳ್ಲಿಲ್ಲ," ಎಂದೆ. ಆಮೇಲೆ ಕಪ್ಪು ನಂಬರು ತೋರಿಸಿದೆ, ಕೆಂಪು ನಂಬರು ತೋರಿಸಿದೆ. ಟ್ರಾನ್ಸ್‌ಫಾರ್ಮರಿನ ಜಾಗ ತೋರಿಸಿದೆ. ನನ್ನ ದೊಡ್ಡಪ್ಪನ ಒಂಟಿ ಹೆಸರು ತೋರಿಸಿದೆ. ಅವನ ಅಪ್ಪನ ಹೆಸರೂ ನನ್ನ ದೊಡ್ಡಪ್ಪನ ಹೆಸರೂ ಒಂದೇ ಎಂಬುದು ಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ ಎಂದು ಹೇಳಿ ಮುಗಿಸಿದೆ.

ಅವನು ಬಹಳ ಹೊತ್ತು ನಕ್ಷೆಯನ್ನೇ ನೋಡಿದ. ಗಡಿಯಾರದ ಒಳಗನ್ನು ನೋಡುವಾಗ ಹೇಗೋ ಹಾಗೆ, ಒಂದು ಕಣ್ಣು ಕಿರಿದು ಮಾಡಿ. ಬೈಯುತ್ತಾನೆ ಎಂದು ಕಾದೆ. ಬೈದು ಬೈದು ಕೋಣೆಯ ಸೂರು ಹಾರಿಸಲಿ, ಬೆರಳು ಮೇಡಂ ನಮ್ಮಿಬ್ಬರನ್ನೂ ಹೊರಗೆ ಹಾಕಲಿ ಎಂದು ಆಸೆಪಟ್ಟೆ.

"ನಮ್ಮಪ್ಪನ್ನ ಸುಳ್ಳುಗಾರ ಮಾಡ್ಬಿಟ್ರಲ್ಲ ನೀವು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ತಪ್ಪಾಯ್ತು."

"ಇಲ್ಲ, ಇಲ್ಲ. ನೀವು ಬೇಕಂತ ಮಾಡಿದ್ದಲ್ಲ. ಹೇಳಿದ್ರಲ್ಲ, ಒಳ್ಳೇದಾಯ್ತು." ಎದ್ದು ನಿಂತರು, ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದರು. "ಫೋಟೋ ವಾಪಸ್ ಹಾಕ್ಬೇಕು. ಬರ್ತೀನಿ ಮೇಡಂ."

ಮೆಟ್ಟಿಲಲ್ಲಿ ಅವರ ಹೆಜ್ಜೆಯ ಸದ್ದು ಕೆಳಗಿಳಿದು ಹೋಯಿತು. ಬೆರಳು ಮೇಡಂ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಆ ಕೋಣೆಯಲ್ಲಿ ನೀರು ತರಲು ಯಾರಿಗೂ ಅನುಮತಿ ಇರಲಿಲ್ಲ.

ಅವರು ಬರುವುದಿಲ್ಲ ಎಂದೇ ತಿಳಿದಿದ್ದೆ. ಆಪರೇಷನ್ನಿನ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. "ಮಾತು ಕೊಟ್ಟಿದ್ವಲ್ಲ," ಎಂದರು. ಏನೇನು ಬೇಕೋ ಎಲ್ಲವನ್ನೂ ಮಾಡಿದರು, ಔಷಧಿ ತಂದರು, ರಾತ್ರಿ ಆಕೆ ಜೊತೆಗಿದ್ದರು. ಹೂವಿನ ಪರದೆಯ ಕೋಣೆಗೆ ನಾನೇ ಬರುವುದಿಲ್ಲವೆಂದೆ. ಅವರು ಒಂದೇ ಸಲ ಒತ್ತಾಯ ಮಾಡಿ ಸುಮ್ಮನಾದರು. ನನ್ನ ಮನೆಗೆ ಒಬ್ಬ ಆಯಾಳನ್ನು ಗೊತ್ತು ಮಾಡಿಕೊಟ್ಟರು. ಆಕೆಗೆ ರಜೆ ಇರುವ ಭಾನುವಾರ ತಾವೇ ಬಂದು, ಸಂಜೆಯವರೆಗೆ ಇದ್ದು ಹೋಗುತ್ತಿದ್ದರು. ಇದಕ್ಕಿಂತ ಹೆಚ್ಚು ಯಾವ ನೆಂಟರು ಮಾಡುತ್ತಾರೆ? ನಾನು ದೂರುವ ಹಾಗಿಲ್ಲ. ದೂರುತ್ತಲೂ ಇಲ್ಲ.

ಒಂದು ಭಾನುವಾರ ಗಡಿಯಾರದಂಗಡಿಯವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ವಾಕರ್ ಹಿಡಿದು ಕೋಣೆಯೊಳಗೆ ಅಡ್ಡಾಡುತ್ತಿದ್ದೆ. ವಾಕರ್ ಬಿಟ್ಟು ಒಂದು ಹೆಜ್ಜೆಯನ್ನೂ ಇಡಕೂಡದು, ಬಿದ್ದರೆ ಎಲ್ಲ ಹಾಳು ಎಂದು ಡಾಕ್ಟರು ಅವರ ಎದುರಿಗೇ ಹೇಳಿದ್ದರು. ನಾನು ಕೋಣೆಯ ನಡುವೆ ನಿಂತು, ಅವರು ತಲೆ ಎತ್ತುವವರೆಗೆ ಕಾದು, ವಾಕರ್‌ನಿಂದ ಎರಡೂ ಕೈ ತೆಗೆದೆ. ಒಂದು ಹೆಜ್ಜೆ ಇಟ್ಟೆ. ನೋವು ಬೆನ್ನಿನವರೆಗೆ ಏರಿತು. ಇನ್ನೊಂದು ಹೆಜ್ಜೆ ಇಟ್ಟೆ.

ಪೇಪರ್ ಕೆಳಗೆ ಬಿತ್ತು. ಅವರು ಎದ್ದು ನಿಂತರು, ಕೈಗಳು ಮುಂದೆ ಬಂದವು. ಬಾಯಿ ತೆರೆಯಿತು. ಆ ಮುಖ ನನಗೆ ಗೊತ್ತಿತ್ತು, ಆ ಮುಖದ ಬೈಗುಳವೂ ಗೊತ್ತಿತ್ತು. ಬಾ, ಬೈ, ಬೈಯಣ್ಣ ಎಂದು ನನ್ನ ಮೈಯೆಲ್ಲ ಕಾಯುತ್ತಿತ್ತು.

ಅವರು ಉಗುಳು ನುಂಗಿದರು.

"ನಿಧಾನ ಮೇಡಂ," ಎಂದರು. "ಸ್ವಲ್ಪ ನೋಡ್ಕೊಂಡು."

ಆಮೇಲೆ ವಾಕರ್ ಅನ್ನು ನನ್ನ ಕೈಗೆಟುಕುವಷ್ಟು ಹತ್ತಿರ ತಂದಿಟ್ಟು, ಹಿಂದೆ ಸರಿದು ನಿಂತರು. ನಾನು ಅದನ್ನು ಹಿಡಿದುಕೊಂಡು, ಥ್ಯಾಂಕ್ಸ್ ಹೇಳಿದೆ.